ಅರಿಯದೆ ಆದ ಹಾನಿಗೆ ಹೊಣೆ ಯಾರು?

ತಪ್ಪು ಮಾಡದವನೂ ಸಾಲಗಾರನಾಗಬಹುದೇ? ಬೇಕೆಂದು ಮಾಡಿದ ಕೇಡಿಗೆ ಮಾಡಿದವನೇ ಹೊಣೆ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಅಲಕ್ಷ್ಯದಿಂದ ಆದ ಕೇಡಿಗೂ ಹಾಗೆಯೇ. ಉರಿಯುವ ಒಲೆಯ ಬಳಿ ಕೂಸನ್ನು ಬಿಟ್ಟುಹೋದವರು 'ನಾನೇನೂ ಮಾಡಲಿಲ್ಲ' ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಬಲ್ಲವನೊಬ್ಬನು ಎಚ್ಚರದಿಂದ, ಒಳಿತನ್ನೇ ಬಯಸಿ ಕೈಗೊಂಡ ಕಾರ್ಯದಿಂದ ಇನ್ನೊಬ್ಬರ ದೇಹಕ್ಕೆ ತುಂಬಿಕೊಡಲಾಗದ ಕುಂದು ಒದಗಿದರೆ ಏನೆನ್ನಬೇಕು? ಪಾಪವೆನ್ನೋಣವೇ, ಅಪಘಾತವೆನ್ನೋಣವೇ, ವಿಧಿಯೆನ್ನೋಣವೇ? ನಾವು ಯಾವ ಪದವನ್ನು ಆರಿಸಿಕೊಂಡರೂ ಕುಂದನ್ನು ಹೊತ್ತವರ ನಾಳಿನ ಬೆಳಗು ಅದರಿಂದ ಬದಲಾಗುವುದಿಲ್ಲ.

ಈ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಾಡಿಸುವುದಕ್ಕಿಂತ ಒಂದು ನಿಶ್ಚಿತ ಸಂಗತಿಯನ್ನು ಎದುರಿಗಿಟ್ಟುಕೊಳ್ಳುವುದು ಲೇಸು. ಥೈರಾಯ್ಡ್ ಶಸ್ತ್ರಚಿಕಿತ್ಸೆಯ ವೇಳೆ ಆ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಅರಿವಿಲ್ಲದೆ ಕತ್ತರಿಸಿಹೋಗುವುದು ಅಂಥದೊಂದು ಸಂಗತಿ. ಗಳಗಂಡಕ್ಕಾಗಿ, ಗಂಟಿಗಾಗಿ, ಕೆಲವೊಮ್ಮೆ ಅರ್ಬುದದ ಭಯಕ್ಕಾಗಿ ನಮ್ಮ ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೂ, ನಿಪ್ಪಾಣಿಯವರು ಕೊಲ್ಹಾಪುರಕ್ಕೂ, ಅಥಣಿ, ಕಾಗವಾಡದವರು ಮೀರಜಿಗೂ ಹೋಗುತ್ತಾರೆ. ಈ ರೂಢಿ ಹೊಸತಲ್ಲ. ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ ಮೀರಜಿನಲ್ಲಿ 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಕೃಷ್ಣಾ ತೀರದ ಈ ಕಡೆಯ ಜನ ರೋಗಿಗಳನ್ನು ಕರೆದುಕೊಂಡು ಗಡಿಯಾಚೆಗೆ ಹೋಗುತ್ತಲೇ ಬಂದಿದ್ದಾರೆ. ಥೈರಾಯ್ಡ್ ವ್ಯಾಧಿ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಆದುದರಿಂದ ಹಾಗೆ ಹೋಗುವವರಲ್ಲಿ ಹೆಚ್ಚಿನವರು ತಾಯಂದಿರು, ಅಕ್ಕತಂಗಿಯರು.

ಕೊರಳಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿ ಥೈರಾಯ್ಡ್ ಇದೆ. ಅದರ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಇರುತ್ತವೆ. ಕೆಲವರಲ್ಲಿ ಮೂರು, ಕೆಲವರಲ್ಲಿ ಐದು. ಒಂದೊಂದೂ ಅಕ್ಕಿಯ ಕಾಳಿನಷ್ಟು ದೊಡ್ಡದು, ತೂಕ ಸುಮಾರು 30ರಿಂದ 50 ಮಿಲಿಗ್ರಾಂ. ಹೆಸರು ಜೊತೆಯದಾದರೂ ಕೆಲಸ ಬೇರೆ. ರಕ್ತದಲ್ಲಿರುವ ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಮ್ಮನ್ನು, ಹದದಲ್ಲಿಡುವುದು ಇವುಗಳ ಕಾಯಕ. ದೇಹದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ 99 ಪಾಲು ಎಲುಬು, ಹಲ್ಲುಗಳಲ್ಲೇ ಇದೆ; ಉಳಿದ ಒಂದು ಪಾಲಿನ ಮೇಲೆಯೇ ನರಗಳ ಮಿಡಿತ, ಸ್ನಾಯುಗಳ ಚಲನೆ, ಹೃದಯದ ಬಡಿತ ನಿಂತಿವೆ. ಅದು ಸ್ವಲ್ಪ ಇಳಿದರೂ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಗುಟ್ಟತೊಡಗುತ್ತದೆ. ಇನ್ನೂ ಇಳಿದರೆ ಕೈ ತಾನಾಗಿಯೇ ಮಡಚಿ ಸೆಟೆದುಕೊಳ್ಳುತ್ತದೆ, ಗಂಟಲು ಬಿಗಿಯುತ್ತದೆ, ಫಿಟ್ಸ್ ಬರುವುದೂ ಉಂಟು.

ಒಂದು ಗ್ರಂಥಿ ಹೋದರೆ ಹಾನಿಯಿಲ್ಲ. ಉಳಿದವು ಹೊರೆಯನ್ನು ಹೊರುತ್ತವೆ. ಎಲ್ಲವೂ ಹೋದಾಗ, ಅಥವಾ ಉಳಿದವಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳು ತುಂಡಾದಾಗ ಕಷ್ಟ ಆರಂಭವಾಗುತ್ತದೆ. ಥೈರಾಯ್ಡನ್ನು ಪೂರ್ತಿಯಾಗಿ ತೆಗೆಸಿಕೊಂಡವರಲ್ಲಿ ನಾಲ್ಕೈದು ಮಂದಿಗೆ ಒಬ್ಬರಾದರೂ ಕೆಲವು ದಿನ ಅಥವಾ ತಿಂಗಳು ಈ ಕೊರತೆಯನ್ನು ಅನುಭವಿಸುತ್ತಾರೆ. ಪರಿಣತರ ಕೈಯಲ್ಲಿ ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬಿಬ್ಬರಿಗೆ. ಎಲ್ಲ ಆಸ್ಪತ್ರೆಗಳ ಲೆಕ್ಕ ಕೂಡಿಸಿದರೆ ಅದಕ್ಕಿಂತ ಹೆಚ್ಚು. ಶಸ್ತ್ರವೈದ್ಯರು ಇದನ್ನು ಬಲ್ಲರು, ಹುಡುಕಿ ಉಳಿಸಲು ಶ್ರಮಿಸುತ್ತಾರೆ. ಆದರೆ ಆ ಗ್ರಂಥಿಗಳ ಬಣ್ಣ ಸುತ್ತಲಿನ ಕೊಬ್ಬಿನ ಬಣ್ಣವನ್ನೇ ಹೋಲುತ್ತದೆ. ಕೆಳಗಿನ ಎರಡು ಗ್ರಂಥಿಗಳು ಒಬ್ಬರಲ್ಲಿ ಇದ್ದಲ್ಲಿ ಇನ್ನೊಬ್ಬರಲ್ಲಿ ಇರುವುದಿಲ್ಲ. ಕೆಲವೊಮ್ಮೆ ಥೈರಾಯ್ಡಿನ ಒಳಗೇ ಹುದುಗಿರುತ್ತವೆ. ತೆಗೆದ ಭಾಗವನ್ನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ ಮೇಲೆಯೇ, 'ಇದರೊಡನೆ ಪ್ಯಾರಾಥೈರಾಯ್ಡ್ ಅಂಗಾಂಶವೂ ಬಂದಿದೆ' ಎಂದು ತಿಳಿಯುವುದು ಅಪರೂಪವಲ್ಲ.

ಇಂಥದೊಂದು ಕೊರತೆ ಮನೆಗೆ ಬಂದಾಗ ನಮ್ಮ ಜನ ಎರಡು ಬಗೆಯ ಮಾತನ್ನು ಆಡುತ್ತಾರೆ. ಹಿರಿಯರು 'ಹಣೆಬರಹ, ಯಾರೇನು ಮಾಡಲಾದೀತು' ಎನ್ನುತ್ತಾರೆ. ತರುಣರು 'ಡಾಕ್ಟರೇ ಕೆಡಿಸಿದರು, ಬಿಡಬಾರದು' ಎಂದು ಸಿಡಿಮಿಡಿಗೊಳ್ಳುತ್ತಾರೆ. ಎರಡೂ ಮಾತುಗಳು ವಿರುದ್ಧವಾಗಿ ತೋರಿದರೂ ಅವುಗಳ ಹಿಂದಿರುವ ನಂಬಿಕೆ ಒಂದೇ: ಯಾರಾದರೂ ಅಪರಾಧಿಯಾಗಿದ್ದರೆ ಮಾತ್ರ ಹೊಣೆ ಇರುತ್ತದೆ, ಅಪರಾಧಿಯಿಲ್ಲದಿದ್ದರೆ ಹೊಣೆಯೂ ಇಲ್ಲ. ನನಗೆ ಈ ನಂಬಿಕೆಯೇ ತಪ್ಪೆಂದು ತೋರುತ್ತದೆ. ಅಪರಾಧ ಬೇರೆ, ಋಣ ಬೇರೆ. ಅದನ್ನು ತಿಳಿಯಲು ಈ ಶಸ್ತ್ರಚಿಕಿತ್ಸೆಯ ಇತಿಹಾಸಕ್ಕಿಂತ ಉತ್ತಮವಾದ ಪಾಠಶಾಲೆ ಸಿಗಲಾರದು.

ಈ ಗ್ರಂಥಿಗಳನ್ನು ಮೊದಲು ಕಂಡದ್ದು ಮನುಷ್ಯನಲ್ಲಲ್ಲ, ನಮ್ಮ ದೇಶದ ಖಡ್ಗಮೃಗವೊಂದರಲ್ಲಿ. ಲಂಡನ್ನಿನ ಮೃಗಾಲಯದಲ್ಲಿದ್ದ ಆ ಪ್ರಾಣಿ 1849ರಲ್ಲಿ ಸತ್ತಾಗ ರಿಚರ್ಡ್ ಓವೆನ್ ಎಂಬ ಅಂಗರಚನಾ ಶಾಸ್ತ್ರಜ್ಞರು ಅದನ್ನು ಕೊಯ್ದು ನೋಡಿ, ಥೈರಾಯ್ಡಿಗೆ ಅಂಟಿದ ಒಂದು ಪುಟ್ಟ ಹಳದಿ ಗಂಟನ್ನು ಗುರುತಿಸಿದರು. ಮನುಷ್ಯರಲ್ಲಿ ಅವನ್ನು ಕ್ರಮವಾಗಿ ವರ್ಣಿಸಿದವನು ಸ್ವೀಡನ್ನಿನ ಉಪ್ಸಾಲಾದ ವೈದ್ಯಕೀಯ ವಿದ್ಯಾರ್ಥಿ ಇವಾರ್ ಸ್ಯಾಂಡ್‌ಸ್ಟ್ರೋಮ್. ಐವತ್ತು ಶವಗಳನ್ನು ಪರೀಕ್ಷಿಸಿ 1880ರಲ್ಲಿ ಅವನು ಬರೆದ ಪ್ರಬಂಧವನ್ನು ಹೊರಗಿನ ಲೋಕ ಬಹುಮಟ್ಟಿಗೆ ಗಮನಿಸಲಿಲ್ಲ. ಗ್ರಂಥಿಗಳು ಇವೆ ಎಂದು ತಿಳಿದರೂ ಏಕೆ ಇವೆ ಎಂಬುದು ತಿಳಿದಿರಲಿಲ್ಲ. ಫ್ರಾನ್ಸಿನ ಯೂಜೀನ್ ಗ್ಲೇ 1891ರಲ್ಲಿ ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಅವುಗಳ ಪ್ರಾಮುಖ್ಯ ಗೊತ್ತಾಯಿತು. ಅವುಗಳಿಗೂ ಕ್ಯಾಲ್ಸಿಯಮ್ಮಿಗೂ ಇರುವ ನಂಟನ್ನು ಅಮೆರಿಕದ ಮ್ಯಾಕ್‌ಕ್ಯಾಲಂ ಮತ್ತು ಫ್ಯೋಗ್ಟ್ಲಿನ್ ತೋರಿಸಿದ್ದು ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ.

ಈ ನಡುವೆ ಶಸ್ತ್ರವೈದ್ಯರ ಕೈ ಸುಮ್ಮನಿರಲಿಲ್ಲ. ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್ರೋಟ್, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೋಡೋರ್ ಕೋಖರ್ ಗಳಗಂಡಗಳನ್ನು ತೆಗೆಯುತ್ತಿದ್ದರು. ಬಿಲ್ರೋಟರ ಕೆಲವು ರೋಗಿಗಳು ಕೈಕಾಲು ಸೆಟೆದು ಸಂಕಟಪಟ್ಟರು. ಕೋಖರರ ರೋಗಿಗಳಿಗೆ ಸೆಟೆತ ಬರಲಿಲ್ಲ; ಆದರೆ ತಿಂಗಳುಗಳು ಉರುಳಿದಂತೆ ಅವರು ಮಂಕಾದರು, ಊದಿಕೊಂಡರು, ಮಕ್ಕಳಾದರೆ ಬೆಳವಣಿಗೆ ನಿಂತುಹೋಯಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ಬಹುಕಾಲದ ಮೇಲೆ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ವಿವರಿಸಿದರು. ಕೋಖರರದು ಅತ್ಯಂತ ನಯವಾದ, ನಿಧಾನದ ಕೈ. ಅವರು ಥೈರಾಯ್ಡನ್ನು ಚೂರೂ ಬಿಡದೆ ತೆಗೆಯುತ್ತಿದ್ದರು, ಸುತ್ತಲಿನದನ್ನು ಮುಟ್ಟುತ್ತಿರಲಿಲ್ಲ. ಬಿಲ್ರೋಟರದು ವೇಗದ ಕೈ. ಥೈರಾಯ್ಡಿನ ಚೂರುಗಳು ಉಳಿಯುತ್ತಿದ್ದವು, ಪ್ಯಾರಾಥೈರಾಯ್ಡುಗಳು ಹೋಗುತ್ತಿದ್ದವು. ಒಬ್ಬರಿಗೆ ಅವರ ವೇಗದಿಂದ, ಇನ್ನೊಬ್ಬರಿಗೆ ಅವರ ಕುಶಲತೆಯಿಂದಲೇ ಹಾನಿಯಾಯಿತು. ಕುಶಲತೆಯೂ ಹಾನಿ ಮಾಡಬಲ್ಲದು ಎಂಬುದನ್ನು ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕು.

ಇವರಲ್ಲಿ ಯಾರೂ ಅಪರಾಧಿಗಳಲ್ಲ. ಗ್ರಂಥಿಯ ಕೆಲಸವೇ ಲೋಕಕ್ಕೆ ತಿಳಿಯದಿದ್ದಾಗ ಅದನ್ನು ಕಾಪಾಡಲಿಲ್ಲವೆಂದು ಯಾರನ್ನು ದೂರಬೇಕು? ಹೀಗಿದ್ದರೂ ಕೋಖರ್ ಮಾಡಿದ ಒಂದು ಕೆಲಸವನ್ನು ನೋಡಿ. 1874ರಲ್ಲಿ ಅವರು ಹನ್ನೊಂದು ವರ್ಷದ ಬಾಲಕಿಯೊಬ್ಬಳ ಥೈರಾಯ್ಡನ್ನು ಪೂರ್ತಿಯಾಗಿ ತೆಗೆದಿದ್ದರು. ಗಾಯ ಮಾಯ್ದಿತು, ಹುಡುಗಿ ಮನೆಗೆ ಹೋದಳು, ಆ ಕಾಲದ ಲೆಕ್ಕದಲ್ಲಿ ಅದು ಸಫಲ ಶಸ್ತ್ರಚಿಕಿತ್ಸೆ. ಜಿನೀವಾದ ಶಸ್ತ್ರವೈದ್ಯ ರೆವೆರ್ದಾಂ 1882ರಲ್ಲಿ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಬದಲಾವಣೆಯನ್ನು ತಿಳಿಸಿದಾಗ ಕೋಖರ್ ತಮ್ಮ ಹಳೆಯ ರೋಗಿಗಳನ್ನು ಮರಳಿ ಕರೆಸಿದರು. ಆ ಹುಡುಗಿಯೂ ಬಂದಳು. ಒಂದು ಕಾಲಕ್ಕೆ ಅವಳಂತೆಯೇ ಕಾಣುತ್ತಿದ್ದ ತಂಗಿ ತುಂಬಿದ ತರುಣಿಯಾಗಿ ಬೆಳೆದಿದ್ದಳು. ಅಕ್ಕ ಮಾತ್ರ ಗಿಡ್ಡಳಾಗಿ, ಮುಖ ಊದಿ, ಬುದ್ಧಿ ಮಂದವಾಗಿ ಉಳಿದಿದ್ದಳು. ಗ್ರಂಥಿಯನ್ನು ಪೂರ್ತಿ ಕಳೆದುಕೊಂಡು ಮರಳಿ ಪರೀಕ್ಷೆಗೆ ಬಂದ 18 ಮಂದಿಯಲ್ಲಿ ಇಬ್ಬರು ಮಾತ್ರ ಮೊದಲಿನಂತೆ ಇದ್ದರು. 1883ರ ಏಪ್ರಿಲ್‌ನಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಕೋಖರ್ ಇದನ್ನೆಲ್ಲ ಎಲ್ಲರ ಮುಂದೆ ಹೇಳಿದರು. ಗಳಗಂಡಕ್ಕಾಗಿ ಥೈರಾಯ್ಡನ್ನು ಪೂರ್ತಿ ತೆಗೆಯುವುದನ್ನು ಕೈಬಿಟ್ಟರು. (ಮೊದಲು ಕಂಡವರು ಯಾರು ಎಂದು ಅವರಿಗೂ ರೆವೆರ್ದಾಂ ಅವರಿಗೂ ಬಳಿಕ ವಾದವಾಯಿತು. ಕೀರ್ತಿಯ ಆಸೆ ದೊಡ್ಡವರನ್ನೂ ಬಿಡುವುದಿಲ್ಲ.) 1909ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು.

ಅವರ ಕೈಯ ನೈಪುಣ್ಯವನ್ನು ಲೋಕ ಹೊಗಳುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಅವರು ಬರೆಸಿ ಕಳಿಸಿದ ಕರೆ. ವಾಸಿಯಾಯಿತೆಂದು ಮನೆಗೆ ಕಳಿಸಿದವರನ್ನು ಒಂಬತ್ತು ವರ್ಷದ ಬಳಿಕ 'ಒಮ್ಮೆ ಬಂದು ಮುಖ ತೋರಿಸಿ' ಎಂದು ಕರೆಯಲು ಯಾವ ಕಾನೂನೂ ಅವರನ್ನು ಒತ್ತಾಯಿಸಿರಲಿಲ್ಲ. ಕರೆಯದಿದ್ದರೆ ಯಾರೂ ದೂರುತ್ತಿರಲಿಲ್ಲ. ಆ ಹುಡುಗಿ ತನ್ನ ಹಳ್ಳಿಯಲ್ಲೇ ಇದ್ದುಬಿಡುತ್ತಿದ್ದಳು. ಅಪರಾಧವಿಲ್ಲದ ಋಣ ಎಂದರೆ ಇದು.

ಬ್ರಿಟನ್ನಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟರು. ಚಾಲಕನ ಯಾವ ತಪ್ಪೂ ಇಲ್ಲದೆ ಮಗುವೊಂದು ಚಕ್ರಕ್ಕೆ ಸಿಕ್ಕಿ ಸಾಯುತ್ತದೆ. ನೋಡುತ್ತಿದ್ದವರೂ ಮರುಗುತ್ತಾರೆ, ಆದರೆ ಚಾಲಕನ ನೋವು ಅವರದರಂಥದಲ್ಲ. ನಮ್ಮಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಉಗಾರ, ಚಿಕ್ಕೋಡಿ, ನಿಪ್ಪಾಣಿಯ ಕಾರ್ಖಾನೆಗಳತ್ತ ಎರಡೆರಡು ಟ್ರೇಲರ್ ಎಳೆದುಕೊಂಡು ಇರುಳೆಲ್ಲ ಸಾಗುವ ಟ್ರ್ಯಾಕ್ಟರುಗಳನ್ನು ಕಂಡವರಿಗೆ ಈ ಉದಾಹರಣೆ ದೂರದ್ದಲ್ಲ. ಅಂಥ ಚಾಲಕನಿಗೆ 'ನಿನ್ನದೇನೂ ತಪ್ಪಿಲ್ಲಪ್ಪಾ' ಎಂದು ನಾವು ಸಮಾಧಾನ ಹೇಳಬೇಕು, ಅದು ನಿಜ. ಆದರೆ ಅವನು ಆ ಮಾತನ್ನು ಕೂಡಲೇ ಒಪ್ಪಿ, ಉಂಡು ಮಲಗಿದರೆ ನಮ್ಮ ಮನಸ್ಸಿಗೆ ಏನೋ ಕಸಿವಿಸಿಯಾಗುತ್ತದೆ. ನಾವು ಹೇಳಬೇಕಾದ ಮಾತನ್ನೇ ಅವನು ಸುಲಭವಾಗಿ ಒಪ್ಪಬಾರದೆಂದು ಬಯಸುತ್ತೇವೆ. ಇದು ನಮ್ಮ ಕ್ರೌರ್ಯವಲ್ಲ. ಹಾನಿ ತನ್ನ ಕೈಯಿಂದ ಹಾದುಹೋಯಿತು ಎಂಬ ಅರಿವು ಇಲ್ಲದವನು ಮುಂದೆ ಸತ್ತ ಮಗುವಿನ ಮನೆಯ ಬಾಗಿಲಿಗೆ ಹೋಗಲಾರ ಎಂಬುದು ನಮಗೆ ಒಳಗೊಳಗೇ ಗೊತ್ತಿದೆ.

ಧರ್ಮೋಪದೇಶಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೂ ಇಂಥ ಸನ್ನಿವೇಶ ಬರುತ್ತದೆ. ಇಬ್ಬರು ಮರ ಕಡಿಯಲು ಕಾಡಿಗೆ ಹೋಗುತ್ತಾರೆ. ಒಬ್ಬನ ಕೊಡಲಿ ಕಾವಿನಿಂದ ಕಳಚಿ ಹಾರಿ ಇನ್ನೊಬ್ಬನಿಗೆ ತಗುಲಿ ಅವನು ಸಾಯುತ್ತಾನೆ. ನಡುವೆ ಹಗೆತನವಿರಲಿಲ್ಲ. ಆದ್ದರಿಂದ ಅವನು ಆಶ್ರಯನಗರಕ್ಕೆ ಓಡಿಹೋಗಿ ಜೀವ ಉಳಿಸಿಕೊಳ್ಳಬಹುದು. ಸಾಮಾನ್ಯವಾಗಿ ಇದನ್ನು ಕರುಣೆಯ ಕಾನೂನೆಂದು ಓದುತ್ತೇವೆ, ಅದು ಸರಿಯೇ. ಆದರೆ ಇನ್ನೊಂದು ಮುಖವೂ ಇದೆ: ಅವನು ತಪ್ಪಿತಸ್ಥನಲ್ಲದಿದ್ದರೂ ಏನೂ ಆಗಿಲ್ಲವೆಂಬಂತೆ ಮರುದಿನ ತನ್ನ ಹೊಲಕ್ಕೆ ಮರಳಲಾರ. ಪ್ರಧಾನಯಾಜಕನು ತೀರಿಕೊಳ್ಳುವವರೆಗೆ ಆ ನಗರದಲ್ಲೇ ಇರಬೇಕು. ಸೇಡಿನಿಂದ ಅವನನ್ನು ಕಾಯುವ ಕಾನೂನೇ ಆದ ಸಾವಿನ ಭಾರವನ್ನೂ ಅವನಿಗೆ ನೆನಪಿಸುತ್ತದೆ.

ನಮ್ಮ ದೇಶದ ನ್ಯಾಯಾಲಯಗಳು ಈ ಭೇದವನ್ನು ತಮ್ಮದೇ ರೀತಿಯಲ್ಲಿ ಮಾಡಿವೆ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು, ನಿರ್ಣಯದಲ್ಲಾದ ಪ್ರಮಾದ ಅಥವಾ ಆಕಸ್ಮಿಕವು ತಾನಾಗಿಯೇ ವೈದ್ಯನ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗದು ಎಂದಿತು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಚಿಕಿತ್ಸೆಯ ಸ್ವರೂಪ, ಬದಲಿ ದಾರಿಗಳು, ಅಪಾಯಗಳು ಇವನ್ನು ಸಾಕಷ್ಟು ತಿಳಿಸಿದ ಮೇಲೆ ಪಡೆದದ್ದೇ ಒಪ್ಪಿಗೆ ಎಂದಿತು. ಎರಡನ್ನೂ ಕೂಡಿಸಿ ಓದಿದರೆ, ಕೈ ತಪ್ಪಿದ್ದಕ್ಕೆ ಕಾನೂನು ಕ್ಷಮಿಸಬಹುದು, ಮಾತು ತಪ್ಪಿದ್ದಕ್ಕೆ ಕ್ಷಮಿಸದು. ಇದಕ್ಕಿಂತ ಮುಂದೆ ಕಾನೂನು ನಮ್ಮನ್ನು ಒಯ್ಯಲಾರದು, ಒಯ್ಯಬೇಕಾಗಿಯೂ ಇಲ್ಲ.

ಹಾಗಾದರೆ ಋಣದ ವಿವರವೇನು? ಮೊದಲನೆಯದು, ಉಳಿಸುವ ಯತ್ನ. ಹಾಲ್‌ಸ್ಟೆಡ್ ಮತ್ತು ಅವರ ವಿದ್ಯಾರ್ಥಿ ಇವಾನ್ಸ್ 1907ರಲ್ಲೇ ಆ ಗ್ರಂಥಿಗಳಿಗೆ ರಕ್ತ ಒಯ್ಯುವ ನಾಳಗಳ ನಕ್ಷೆ ಬರೆದುಕೊಟ್ಟರು. ಜೊತೆಗೆ ಬಂದುಬಿಟ್ಟ ಗ್ರಂಥಿಯನ್ನು ಶಸ್ತ್ರಕ್ರಿಯೆಯ ವೇಳೆಯೇ ಗುರುತಿಸಿದರೆ ಸಣ್ಣಗೆ ಹೆಚ್ಚಿ ಕೊರಳಿನ ಅಥವಾ ಮುಂಗೈಯ ಸ್ನಾಯುವಿನಲ್ಲಿ ನೆಡಬಹುದು. ಅದು ಬೇರೂರಿ ಮತ್ತೆ ಕೆಲಸ ಆರಂಭಿಸುವುದುಂಟು. ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕಿನಲ್ಲಿ ಈ ಗ್ರಂಥಿಗಳು ತಾವಾಗಿಯೇ ಹೊಳೆಯುತ್ತವೆಂದು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಕಂಡುಕೊಂಡ ಮೇಲೆ, 2018ರಲ್ಲಿ ಅಲ್ಲಿ ಅಂಥ ಉಪಕರಣಗಳಿಗೆ ಅನುಮತಿ ಸಿಕ್ಕಿತು. ಎಲ್ಲ ಆಸ್ಪತ್ರೆಗಳಲ್ಲೂ ಅವು ಇರಲಾರವು. ಇಲ್ಲದಿದ್ದರೆ ತಪ್ಪೂ ಅಲ್ಲ.

ಎರಡನೆಯದಕ್ಕೆ ಹಣ ಬೇಕಿಲ್ಲ, ಆದರೂ ಅದೇ ದುರ್ಲಭ. ಆದದ್ದನ್ನು ಹೇಳುವುದು. ಪ್ರಯೋಗಾಲಯದ ವರದಿಯಲ್ಲಿ ಒಂದು ಸಾಲು ಇಂಗ್ಲಿಷಿನಲ್ಲಿ ಇರುತ್ತದೆ. ಕಾಗವಾಡದ ಕಡೆಯ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಮನೆಮಾತು ಕನ್ನಡ, ಆಸ್ಪತ್ರೆಯಲ್ಲಿ ನರ್ಸು ಆಡಿದ್ದು ಮರಾಠಿ, ಕೈಗೆ ಕೊಟ್ಟ ಕಾಗದ ಇಂಗ್ಲಿಷು. ಮೂರು ಭಾಷೆಗಳ ನಡುವೆ ಆ ಒಂದು ಸಾಲು ಕಳೆದುಹೋಗುತ್ತದೆ. 'ಗುಳಿಗೆ ತಗೊಳ್ಳಿ, ಆರಾಮಾಗತೈತಿ' ಎಂಬುದಷ್ಟೇ ಅವರ ಪಾಲಿಗೆ ಉಳಿಯುವುದು. ತಿಂಗಳ ಬಳಿಕ ಗುಳಿಗೆ ಮುಗಿಯುತ್ತದೆ, ಮತ್ತೆ ತರುವುದಿಲ್ಲ. ಬೆರಳು ಜುಮುಗುಟ್ಟಿದರೆ ಹೊಲದ ಕೆಲಸದ ದಣಿವೆಂದುಕೊಳ್ಳುತ್ತಾರೆ. ಹೇಳದೆ ಹೋದ ಆ ಮಾತು ಕಾಯಿಲೆಗಿಂತ ಹೆಚ್ಚಿನ ಕೇಡನ್ನು ಮಾಡಬಲ್ಲದು, ಏಕೆಂದರೆ ವರ್ಷಗಟ್ಟಲೆ ಕೊರತೆ ಹಾಗೆಯೇ ಉಳಿದರೆ ಕಣ್ಣಿಗೆ ಪೊರೆ ಬರಬಹುದು, ಮಿದುಳಿನಲ್ಲಿ ಸುಣ್ಣ ಕಟ್ಟಬಹುದು.

ವೈದ್ಯರು ಹೇಳಲು ಅಂಜುವುದೇಕೆಂದು ನಾವೂ ಕೇಳಿಕೊಳ್ಳಬೇಕು. ಹೇಳಿದ ದಿನವೇ ಬಂಧುಬಳಗ ಕೂಡಿ ಗಾಜು ಒಡೆಯುವುದಾದರೆ, ಹೇಳದಿರುವುದನ್ನು ನಾವೇ ಅವರಿಗೆ ಕಲಿಸಿದಂತಾಯಿತು. ಸತ್ಯವನ್ನು ಕೇಳುವ ಹಕ್ಕಿನೊಡನೆ ಸತ್ಯವನ್ನು ತಾಳಿಕೊಳ್ಳುವ ಶಕ್ತಿಯೂ ಬೇಕು. ಹಾಗೆಂದು ಎಲ್ಲವನ್ನೂ ಕ್ಷಮಿಸಬೇಕೆಂದು ನಾನು ಹೇಳುತ್ತಿಲ್ಲ. ಗ್ರಂಥಿಗಳನ್ನು ಹುಡುಕುವ ಗೋಜಿಗೇ ಹೋಗದೆ ಅವಸರ ಮಾಡಿದ್ದರೆ, ಶಸ್ತ್ರಕ್ರಿಯೆಯ ಮರುದಿನ ಕ್ಯಾಲ್ಸಿಯಂ ಪರೀಕ್ಷಿಸದೆ ಮನೆಗೆ ಕಳಿಸಿದ್ದರೆ, ಅದು ಅಲಕ್ಷ್ಯ. ಅದಕ್ಕೆ ದಾರಿ ನ್ಯಾಯಾಲಯವೇ. ಆಕಸ್ಮಿಕಕ್ಕೂ ಅಲಕ್ಷ್ಯಕ್ಕೂ ನಡುವಿನ ಗೆರೆಯನ್ನು ಸಿಟ್ಟು ಅಳಿಸಿಹಾಕುತ್ತದೆ. ಹಣೆಬರಹದ ಮಾತೂ ಹಾಗೆಯೇ ಅಳಿಸುತ್ತದೆ.

ಋಣ ವೈದ್ಯನೊಬ್ಬನದೇ ಎಂದುಕೊಂಡು ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. ಈ ಕೊರತೆಯುಳ್ಳವರ ದಿನಚರಿ ಹೊರಗಿನವರಿಗೆ ಕಾಣುವುದಿಲ್ಲ. ಥೈರಾಯ್ಡಿನ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು. ಕ್ಯಾಲ್ಸಿಯಂ ಗುಳಿಗೆಯನ್ನು ಊಟದೊಡನೆ, ದಿನಕ್ಕೆ ಎರಡು ಮೂರು ಸಲ. ಎರಡರ ನಡುವೆ ನಾಲ್ಕು ತಾಸಿನ ಅಂತರವಿರಬೇಕು, ಇಲ್ಲದಿದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಇದರ ಮೇಲೆ ಕ್ಯಾಲ್ಸಿಟ್ರಯಾಲ್ ಎಂಬ ಜೀವಸತ್ವ. ಕಡಿಮೆಯಾದರೆ ಕೈ ಸೆಟೆಯುತ್ತದೆ, ಹೆಚ್ಚಾದರೆ ಮೂತ್ರಪಿಂಡದಲ್ಲಿ ಹರಳು. ಆಗಾಗ ರಕ್ತಪರೀಕ್ಷೆ. ಕೊರತೆಯಾದ ಹಾರ್ಮೋನನ್ನೇ ತುಂಬಿಕೊಡುವ ಹೊಸ ಚುಚ್ಚುಮದ್ದಿಗೆ 2023ರಲ್ಲಿ ಯೂರೋಪಿನಲ್ಲಿ, 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ. ನಮ್ಮ ಹಳ್ಳಿಯ ಸಂಸಾರಗಳಿಗೆ ಅದರ ಬೆಲೆ ನಿಲುಕುವಂಥದಲ್ಲ. ಹೊರಗಿನಿಂದ ನೋಡಿದರೆ ಇವರು ಗಟ್ಟಿಮುಟ್ಟಾಗಿಯೇ ಕಾಣುತ್ತಾರೆ. ಕೊರಳಿನ ಗಾಯದ ಗೆರೆ ಸೆರಗಿನ ಕೆಳಗೆ ಮುಚ್ಚಿಹೋಗುತ್ತದೆ. ಕ್ಯಾಲ್ಸಿಯಂ ಇಳಿದಾಗ ಬರುವ ಸುಸ್ತು, ಕಳವಳ, ಮರೆವುಗಳನ್ನು ಕಂಡು 'ಎಲ್ಲಾ ಮನಸ್ಸಿನ ಹೆದರಿಕೆ' ಎಂದು ಅತ್ತೆಯೋ ಗಂಡನೋ ನಗುತ್ತಾರೆ. ತಪಸ್ಸುಕಾಲದಲ್ಲಿ ಇತರರಂತೆ ತಾವೂ ಉಪವಾಸವಿರಬೇಕೆಂದು ಹಟ ಹಿಡಿಯುವವರೂ ಇದ್ದಾರೆ; ಕಾಯಿಲೆಯವರಿಗೆ ಧರ್ಮಸಭೆಯೇ ವಿನಾಯಿತಿ ಕೊಟ್ಟಿರುವಾಗ ಆ ಹಟಕ್ಕೆ ಅರ್ಥವಿಲ್ಲ. ಊಟ ತಪ್ಪಿದರೆ ಊಟದೊಡನೆ ನುಂಗಬೇಕಾದ ಗುಳಿಗೆಯೂ ತಪ್ಪುತ್ತದೆ.

ಥೈರಾಯ್ಡ್ ಶಸ್ತ್ರಚಿಕಿತ್ಸೆಗೆ ಹೋಗುವವರ ಜೊತೆ ಹೋಗುವವರು ಮೊದಲೇ ನಾಲ್ಕು ಮಾತು ಕೇಳಿಕೊಳ್ಳಲಿ. ಪೂರ್ತಿ ತೆಗೆಯುವಿರೋ, ಅರ್ಧವೋ, ಅರ್ಧ ಸಾಕಾಗುವುದೇ? ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಕ್ಯಾಲ್ಸಿಯಂ ಯಾವಾಗ ಪರೀಕ್ಷಿಸುತ್ತೀರಿ? ಪ್ರಯೋಗಾಲಯದ ವರದಿಯಲ್ಲಿ ಏನಿದೆ ಎಂದು ನಮಗೆ ಕನ್ನಡದಲ್ಲಿ ಬಿಡಿಸಿ ಹೇಳುವಿರಾ? ಇದನ್ನು ಒರಟಾಗಿ ಕೇಳಬೇಕಿಲ್ಲ. ಮನೆಗೆ ಮರಳುವ ಮುನ್ನ ಒಂದು ಚೀಟಿಯಲ್ಲಿ, ಬೆರಳು ಜುಮುಗುಟ್ಟಿದರೆ, ಕೈ ಸೆಟೆದರೆ ಕಾಯದೆ ಯಾವ ಆಸ್ಪತ್ರೆಗೆ ಓಡಬೇಕು, ಅಲ್ಲಿ ಏನೆಂದು ಹೇಳಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡು ಬರಲಿ. ಇರುಳಿನಲ್ಲಿ ತಾಯಿಯ ಕೈ ಸೆಟೆದಾಗ ಮನೆಯಲ್ಲಿ ಇರುವುದು ಬಹುಶಃ ಏಳನೆಯ ಈಯತ್ತೆಯ ಮಗಳೊಬ್ಬಳೇ. ಆ ಚೀಟಿಯನ್ನು ಅವಳು ಓದಬೇಕಾಗುತ್ತದೆ.